ಬಿದ್ದಪ್ಪ ಕೋವಿ ನೋಡಲು ಹೋದದ್ದು

ಬಾಯಲ್ಲಿ ಎಲೆಅಡಿಕೆ ಇರೋರು ಹೋಗಿ ಉಗಿದು ಬನ್ನಿ. ನಗು ಬಂದಾಗ ಬಾಯಲ್ಲಿ ಏನೂ ಇರಬಾರದು, ಎದುರು ಕೂತವರ ಬಟ್ಟೆ ಕೆಡ್ತದೆ. ಉಗಿದಾಯ್ತಾ? ಕೂತ್ಕೊಳ್ಳಿ. ಮಧ್ಯೆ ಯಾರೂ 'ಆಮೇಲೆ ಏನಾಯ್ತು, ಆಮೇಲೆ ಏನಾಯ್ತು' ಅಂತ ಪೀಡಿಸಬೇಡಿ. ಆಮೇಲಿಂದು ಆಮೇಲೆಯೇ ಬರ್ತದೆ.

ಕೊಡಗಿನ ಒಂದೂರಲ್ಲಿ ಬೊಳ್ಳಮ್ಮ ಅಂತ ಒಬ್ಬಳಿದ್ದಳು. ಅಪ್ಪ ಮಿಲಿಟರಿ, ಗಂಡ ಮಿಲಿಟರಿ. ಗಂಡ ಮಾಚಯ್ಯ ತೀರಿಕೊಂಡು ಹತ್ತು ವರ್ಷ ಆಗಿತ್ತು. ಕೋವಿ ಬಿಚ್ಚಿ ಜೋಡಿಸೋದು ಅಂದ್ರೆ ಅವಳಿಗೆ ಅಕ್ಕಿ ಕೇರಿದಷ್ಟು ಸಲೀಸು. ಕೋವಿ, ಕತ್ತಿಗೆಲ್ಲ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ ಇದೆಯಲ್ಲ, ಆವತ್ತು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯೋ ಪಂದ್ಯ ನಡೀತದೆ. ಹರೆಯದಲ್ಲಿ ಬೊಳ್ಳಮ್ಮ ಕೋವಿ ಎತ್ತಿದಳು ಅಂದ್ರೆ ಗಂಡಸರು ಮೀಸೆ ಕಚ್ಚಿಕೊಂಡು ಹಿಂದೆ ಸರೀತಿದ್ದರು. ಇಂಥವಳಿಗೆ ದೇವರು ಕೊಟ್ಟದ್ದು ಎಂಥ ಮಗ ಗೊತ್ತಾ? ಬಿದ್ದಪ್ಪ!

ಒಳ್ಳೆಯವನು ಬಿದ್ದಪ್ಪ, ಆ ಮಾತು ಮೊದಲೇ ಹೇಳಿಬಿಡ್ತೀನಿ. ಇಪ್ಪತ್ತೈದು ವರ್ಷದ ಆಳು, ಎತ್ತಿನಂಥ ಮೈ, ಮಗುವಿನಂಥ ಮನಸ್ಸು. ಅವ್ವ ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಅವ್ವನ ಕಷ್ಟವೆಲ್ಲ ಅಲ್ಲೇ ಇದ್ದದ್ದು! 'ಅಂಗಳಕ್ಕೆ ಹಾಕಿದ ಭತ್ತ ಕಾಯಿ' ಅಂದಳು ಒಂದು ದಿನ. ಕಾದ. ಮಳೆ ಬಂತು, ಭತ್ತ ತೇಲಿಹೋಯ್ತು, ಇವನು ಜೊತೆಗೇ ಗದ್ದೆವರೆಗೆ ಹೋಗಿ ಅಲ್ಲೂ ಕಾದ.

ಬೊಳ್ಳಮ್ಮನಿಗೆ ಒಬ್ಬಳು ಮಗಳೂ ಇದ್ದಳು, ದೇಚವ್ವ. ಮದುವೆಯಾಗಿ ಹೋದವಳು ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದಿದ್ದಳು. ಹೊಟ್ಟೆ ಅಂದ್ರೆ ಹೊಟ್ಟೆ, ಬಾಗಿಲಲ್ಲಿ ಓರೆಯಾಗಿ ನುಸುಳಬೇಕು, ಅಷ್ಟು! ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ. ಮನೆಯಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸ್ತಾರೆ. ಸಾವಾದರೆ ಎರಡು. ಒಂದು ಕೇಳಿಸಿದರೆ ಊರು ನಗ್ತದೆ, ಎರಡು ಕೇಳಿಸಿದರೆ ಊರು ಕೆಲಸ ಬಿಟ್ಟು ಓಡಿಬರ್ತದೆ. ಬೊಳ್ಳಮ್ಮ ಮಾತ್ರ ಮೊದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟಿದ್ದಳು. "ಗಂಡಾಗಲಿ ಹೆಣ್ಣಾಗಲಿ, ನನ್ನ ಮೊಮ್ಮಗು ಹುಟ್ಟಿದ ದಿನ ನಮ್ಮ ಅಂಗಳದಿಂದ ಗುಂಡು ಹಾರ್ಲೇಬೇಕು. ಯಾರು ಎಂಥ ಹೇಳ್ತಾರೆ, ನಾನೂ ನೋಡ್ತೀನಿ!"

ಹೇಳಿದ್ದೇನೋ ಹೇಳಿದಳು. ಕೋವಿ ಇಳಿಸಿ ನೋಡಿದರೆ ತುಕ್ಕು. ಮಗನನ್ನು ಕರೆದಳು. ಕೊಡವರಲ್ಲಿ ಮಗನನ್ನ ಮುದ್ದಿಂದ 'ಮೋನೇ' ಅಂತಾರೆ, ಸಿಟ್ಟಲ್ಲೂ ಅದನ್ನೇ ಅಂತಾರೆ, ಧ್ವನಿ ಮಾತ್ರ ಬೇರೆ.

"ಮೋನೇ, ಇದನ್ನ ಚೆನ್ನಾಗಿ ಕ್ಲೀನು ಮಾಡು. ಒಗೆದ ಬಟ್ಟೆ ಹಾಗೆ ಆಗ್ಬೇಕು, ತಿಳೀತಾ?"

"ತಿಳೀತು ಅವ್ವಾ."

ಹೊಳೆಗೆ ತಗೊಂಡು ಹೋದ. ನೆನೆಸಿದ. ಸೋಪು ಹಚ್ಚಿದ. ಎರಡೂ ಕೈಯಲ್ಲಿ ನಳಿಗೆ ಹಿಡ್ಕೊಂಡು ಎತ್ತಿ ಒಗೆಯೋ ಕಲ್ಲಿಗೆ ಒಂದು ಕೊಟ್ಟ, ಧಡ್! ತಿರುಗಿಸಿ ಇನ್ನೊಂದು ಕೊಟ್ಟ, ಧಡ್! ಮೂರನೇದಕ್ಕೆ ಮರ ಒಂದು ಕಡೆ, ಕಬ್ಬಿಣ ಒಂದು ಕಡೆ. ಎರಡನ್ನೂ ತಂದು ಬಟ್ಟೆ ಒಣಗಿಸೋ ಹಗ್ಗಕ್ಕೆ ನೇತುಹಾಕಿದ.

ಬೊಳ್ಳಮ್ಮ ಹಣೆಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ನಿನ್ನ ಅಪ್ಪ ಮುಟ್ಟೋವಾಗ ಕೈ ತೊಳ್ಕೊಂಡು ಮುಟ್ತಿದ್ದರು ಅದನ್ನ! ಕೋವಿ ಅಂದ್ರೆ ಎಂಥದ್ದು ಅಂತ ತಿಳ್ಕೊಂಡಿದ್ದೀ? ಎಳೇ ಮಗು ಹಾಗೆ ನೋಡ್ಕೋಬೇಕು! ಎಳೇ ಮಗು ಹಾಗೆ!"

"ಹಾಗಾದ್ರೆ ಹಾಗೇ ನೋಡ್ಕೊಳ್ತೀನಿ ಅವ್ವಾ," ಅಂದ ಬಿದ್ದಪ್ಪ.

ಈಗ ಎಂಥ ಮಾಡೋದು? ಮಗಳಿಗೆ ದಿನ ತುಂಬ್ತಾ ಉಂಟು, ಮನೆಯಲ್ಲಿ ಕೋವಿ ಇಲ್ಲ. ಅಷ್ಟರಲ್ಲಿ ಸುದ್ದಿ ಬಂತು, ಗುಡ್ಡದಾಚೆಯ ಸುಬೇದಾರ್ ಕರುಂಬಯ್ಯ ತನ್ನ ಹಳೇ ಮಿಲಿಟರಿ ರೈಫಲ್ ಮಾರ್ತಾನಂತೆ ಅಂತ. ಕರುಂಬಯ್ಯ ಅಂದ್ರೆ ಬೊಳ್ಳಮ್ಮನ ಗಂಡನ ಜೊತೆ ಒಂದೇ ಪಲ್ಟನ್‌ನಲ್ಲಿದ್ದವನು. ರೈಫಲ್ಲೂ ಯುದ್ಧ ನೋಡಿ ಬಂದದ್ದು. ಆದರೆ ಹಳೇದು ಹಳೇದೇ. ಒಳಗೆ ಹೇಗುಂಟೋ, ಹೊರಗೆ ಹೇಗುಂಟೋ, ನೋಡದೆ ಕೊಳ್ಳೋಕೆ ಬೊಳ್ಳಮ್ಮ ಏನು ನಿನ್ನೆ ಹುಟ್ಟಿದವಳಾ? ತಾನೇ ಹೋಗಿ ನೋಡೋಣ ಅಂದ್ರೆ ಮಗಳನ್ನ ಬಿಟ್ಟು ಹೊಸ್ತಿಲು ದಾಟೋ ಹಾಗಿಲ್ಲ. ಉಳಿದವನು ಯಾರು? ಹೇಳಿ, ಹೇಳಿ. ಹೌದು, ಅವನೇ!

"ಮೋನೇ, ಸುಬೇದಾರ್ ಮಾವನ ಮನೆಗೆ ಹೋಗು. ಕೋವಿ ನೋಡಿ ಬಾ. ನೋಡಿ ಬಂದರೆ ಸಾಕು, ಬೇರೆ ಏನೂ ಮಾಡಬೇಡ."

ಗದ್ದೆ ಬದುವಲ್ಲಿ ನಡೆದು, ಗುಡ್ಡ ಹತ್ತಿ ಇಳಿದು ಹೋದ. ಸುಬೇದಾರ್ ಜಗಲಿಯಲ್ಲಿ ಕೂತಿದ್ದ. ನೆಟ್ಟಗಿನ ಬೆನ್ನು, ಬಿಳಿ ಮೀಸೆ, ತಲೆಯಲ್ಲಿ ಒಂದು ಕೂದಲಿಲ್ಲ. ಮಾಚಯ್ಯನ ಮಗ ಬಂದ ಅಂತ ಸಂತೋಷವಾಗಿ ರೈಫಲ್ ತಂದು ಕೈಗೆ ಕೊಟ್ಟ. ಬಿದ್ದಪ್ಪ ಅದನ್ನ ಎರಡೂ ಕೈ ಚಾಚಿ ತಗೊಂಡ. ಮಡಿಲಲ್ಲಿ ಮಲಗಿಸಿದ. ತಟ್ಟಿದ. ತೂಗಿದ.

"ಎಂಥ ಮಾಡ್ತಾ ಇದ್ದೀಯೋ?"

"ಶ್! ಮಾವಾ, ಮೆಲ್ಲಗೆ!" ಅಂದ ಬಿದ್ದಪ್ಪ. "ಹಸಿವಾಗಿರಬಹುದು. ಒಂದು ಲೋಟ ಹಾಲು ಕೊಡ್ತೀರಾ?"

ಹುಡುಗನಿಗೇ ಹಸಿವು ಅಂದ್ಕೊಂಡು ಸುಬೇದಾರನ ಹೆಂಡತಿ ಪೂವಮ್ಮ ಬಿಸಿಬಿಸಿ ಹಾಲು ತಂದುಕೊಟ್ಟಳು. ಊದಿ ಊದಿ ಆರಿಸಿದ ಬಿದ್ದಪ್ಪ. ಆಮೇಲೆ ರೈಫಲ್ಲಿನ ಬಾಯಿಗೆ ಗುಟುಕು ಗುಟುಕಾಗಿ ಹುಯ್ದ. ಲೋಟ ಪೂರ್ತಿ! ತುದಿ ಒರೆಸಿ, ಹೆಗಲಿಗೆ ಹಾಕಿಕೊಂಡು ತೇಗು ಬರಿಸೋಕೆ ಬೆನ್ನು ತಟ್ಟಿದ. ಹಾಲು ತೋಟಾ ತುಂಬೋ ಕಡೆಯ ಬೋಲ್ಟಿನ ಸಂದಿಯಿಂದ ಸೋರಿ ಅವನ ಬೆನ್ನಿಗೆ ಇಳೀತು. "ಕಕ್ಕಿಬಿಡ್ತು ಮಾವಾ!" ಅಂದ.

ಸುಬೇದಾರ್ ಅಂದ್ರೆ ಸುಬೇದಾರ್! ಯುದ್ಧದಲ್ಲಿ ಕೂಗಿದ್ದಕ್ಕಿಂತ ಜೋರಾಗಿ ಕೂಗಿದ. ಬಿದ್ದಪ್ಪ ಗುಡ್ಡ ಹತ್ತಿದ್ದು ಗೊತ್ತಿಲ್ಲ, ಇಳಿದದ್ದು ಗೊತ್ತಿಲ್ಲ, ಮನೆಯಲ್ಲಿದ್ದ.

"ಅಯ್ಯೋ ಪೆದ್ದೇ!" ಅಂದಳು ಬೊಳ್ಳಮ್ಮ. "ಕೋವಿಗೆ ಹಾಲು ಕುಡಿಸೋರು ಉಂಟಾ? ನೋಡು ಅಂದ್ರೆ ನೋಡ್ಬೇಕು! ಸರಿಯಾಗಿ ಕೇಳು. ನಾಳೆ ಹೋಗು, ಹೋದ ಕೂಡಲೇ ಮಾತುಕತೆ ಬೇಡ, ಹಿಂದಿನ ಕಡೆ ಬಾ. ಒಂದು ಕಣ್ಣು ಮುಚ್ಚು. ಇನ್ನೊಂದು ಕಣ್ಣಲ್ಲಿ ಹಿಂದಿನಿಂದ ಒಳಗೆ ನೋಡು. ಆ ತುದಿಯ ಬೆಳಕು ಈ ತುದಿಗೆ ಕಾಣ್ಬೇಕು. ಒಳಗೆ ಶುಭ್ರ ಇರ್ಬೇಕು, ಮಧ್ಯೆ ಏನೂ ಅಡ್ಡ ಇರಬಾರದು."

"ಹಿಂದಿನಿಂದ, ಒಂದು ಕಣ್ಣಲ್ಲಿ, ಮಾತಿಲ್ಲ. ತಿಳೀತು ಅವ್ವಾ."

ಮರುದಿನ ಹೋದ. ಮಾತಿಲ್ಲ. ಜಗಲಿ ಹತ್ತಲಿಲ್ಲ. ಮನೆ ಸುತ್ತಿಕೊಂಡು ಹಿತ್ತಲಿಗೆ ಬಂದ. ಒಂದು ಕಣ್ಣು ಮುಚ್ಚಿದ. ಇನ್ನೊಂದನ್ನ ಹಿತ್ತಲ ಬಾಗಿಲ ಸಂದಿಗೆ ಇಟ್ಟ. ಅಡುಗೆಮನೆ ಕಾಣ್ತು, ನಡುಮನೆ ಕಾಣ್ತು, ಅದರಾಚೆ ಮುಂಬಾಗಿಲಿನ ಬೆಳಕು ಕಾಣ್ತು. 'ಶುಭ್ರ ಉಂಟು' ಅಂತ ತಲೆಯಾಡಿಸಿದ. ಅಷ್ಟರಲ್ಲಿ ಬೆಳಕು ಹೋಯ್ತು. ಪೂವಮ್ಮ ಸೌಟು ಹಿಡ್ಕೊಂಡು ಮಧ್ಯೆ ಬಂದಿದ್ದಳು.

"ಅತ್ತೇ, ಸರೀರಿ! ನೀವು ಅಡ್ಡ ಇದ್ದೀರಿ!" ಅಂತ ಸಂದಿಯಿಂದ ಕೂಗಿದ.

ಬಾಗಿಲ ಸಂದಿಯಲ್ಲಿ ಒಂದೇ ಒಂದು ಕಣ್ಣು, ಅದಕ್ಕೆ ಮಾತು ಬೇರೆ! ಪೂವಮ್ಮ ಕಿಟಾರನೆ ಕಿರುಚಿ ಸೌಟು ಎಸೆದಳು. ಸುಬೇದಾರ್ ಕಳ್ಳ ಬಂದ ಅಂತ ನಾಯಿ ಬಿಟ್ಟ. ನಾಯಿ ಬಿದ್ದಪ್ಪನ ಹಿಮ್ಮಡಿ ಹಿಡೀತು. ಅವನು ಓಡುವಾಗಲೂ ಒಂದು ಕಣ್ಣು ಮುಚ್ಚಿಕೊಂಡೇ ಓಡಿದ. ತೆರೀಬಹುದು ಅಂತ ಅವ್ವ ಹೇಳಿರಲಿಲ್ಲವಲ್ಲ!

ಬೊಳ್ಳಮ್ಮ ಹಿಮ್ಮಡಿಗೆ ಅರಿಶಿನ ಮೆತ್ತಿದಳು, ಮೆತ್ತುತ್ತಾ ಬೈದಳು, ಬೈಯುತ್ತಾ ಕಣ್ಣು ಒರೆಸಿಕೊಂಡಳು. "ಮನೆ ಒಳಗೆ ನೋಡೋದಾ ಪೆದ್ದೇ! ಕೋವಿಯ ಒಳಗೆ! ಕೋವಿಯ ನಳಿಗೆ ಒಳಗೆ! ಇನ್ನು ಎಂಟು ದಿನವೂ ಇಲ್ಲ ನಿನ್ನ ಅಕ್ಕನಿಗೆ. ಸುಬೇದಾರ್ ಅದನ್ನ ಬೇರೆ ಯಾರಿಗಾದರೂ ಕೊಟ್ಟುಬಿಟ್ಟರೆ ನನ್ನ ಮೊಮ್ಮಗು ಬಂದದ್ದು ಯಾರಿಗೂ ಗೊತ್ತಾಗೋದಿಲ್ಲ, ಕಳ್ಳನ ಹಾಗೆ ಬರ್ತದೆ ಮನೆಗೆ!"

ದೇಚವ್ವ ಒಳಗಿಂದ, "ಬಿಡು ಅವ್ವಾ, ಮಗು ಅತ್ತರೆ ಸಾಕು, ಅದೇ ಊರಿಗೆ ಕೇಳ್ತದೆ," ಅಂದಳು.

"ನೀನು ಸುಮ್ಮನೆ ಮಲಗು!" ಅಂದಳು ಬೊಳ್ಳಮ್ಮ. ಮಗನ ಕಡೆ ತಿರುಗಿದಳು. "ಕಾಲು ಸರಿ ಇಲ್ಲ, ಬಸ್ಸಲ್ಲಿ ಹೋಗು. ಈ ಸಲ ನಂಬರ್ ನೋಡು. ಮಿಲಿಟರಿಯದ್ದಕ್ಕೆ ನಂಬರ್ ಇರ್ತದೆ. ಮೈ ಮೇಲೆ ಒಂದು ಕಡೆ, ಬೋಲ್ಟಿನ ಮೇಲೆ ಒಂದು ಕಡೆ, ನಳಿಗೆ ಮೇಲೆ ಒಂದು ಕಡೆ. ಎಲ್ಲಾ ಕಡೆಯೂ ಒಂದೇ ನಂಬರ್ ಇದ್ದರೆ ಒಳ್ಳೇದು. ಒಂದೊಂದು ಕಡೆ ಒಂದೊಂದು ನಂಬರ್ ಇದ್ದರೆ ಯಾವುದರದ್ದೋ ತುಂಡು ಯಾವುದಕ್ಕೋ ಸೇರಿಸಿದ್ದಾರೆ ಅಂತ. ಅಂಥದ್ದನ್ನ ಅಲ್ಲೇ ಬಿಟ್ಟು ಬಾ, ನಂಬಬೇಡ."

"ನಂಬರ್ ಬೇರೆ ಇದ್ದರೆ ಅಲ್ಲೇ ಬಿಟ್ಟು ಬರೋದು. ತಿಳೀತು ಅವ್ವಾ."

ಬಸ್ಸು ಬಂತು. ಬಿದ್ದಪ್ಪ ಹತ್ತಿದ. ಕಂಡಕ್ಟರ್ ಟಿಕೆಟ್ ಕೊಟ್ಟ. ಟಿಕೆಟ್ ಮೇಲೆ ಒಂದು ನಂಬರ್! ಕಂಡಕ್ಟರನ ಎದೆಯ ಬಿಲ್ಲೆ ನೋಡಿದ. ಅಲ್ಲಿ ಬೇರೆ ನಂಬರ್! "ಬಸ್ಸು ನಿಲ್ಲಿಸಿ!" ಅಂದ. ಇಳಿದು ಕುಂಟಿಕೊಂಡು ಮುಂದೆ ಹೋಗಿ ನೋಡಿದ. ಬಸ್ಸಿನ ಮೂತಿಯ ಮೇಲೆ ಮೂರನೇ ನಂಬರ್!

"ಎಲ್ಲರೂ ಇಳೀರಿ!" ಅಂತ ಕೂಗಿದ. "ಇದು ಒಂದು ಬಸ್ಸಲ್ಲ! ಯಾವುದರದ್ದೋ ತುಂಡು ಯಾವುದಕ್ಕೋ ಸೇರಿಸಿದ್ದಾರೆ! ಕಂಡಕ್ಟರ್ ಅಂತೂ ಇದರವನೇ ಅಲ್ಲ!"

ಇಬ್ಬರು ಮುದುಕಿಯರು ಹೆದರಿ ಇಳಿದೇಬಿಟ್ಟರು. ಕಂಡಕ್ಟರ್ ಇಳಿದು ಬಂದು ಮುದುಕಿಯರನ್ನ ಹತ್ತಿಸಿಕೊಂಡ, ಬಿದ್ದಪ್ಪನನ್ನ ಹತ್ತಿಸಿಕೊಳ್ಳಲಿಲ್ಲ. ಕುಂಟುತ್ತಾ ಮನೆಗೆ ಬಂದ. "ಅಲ್ಲೇ ಬಿಟ್ಟು ಬಂದೆ ಅವ್ವಾ," ಅಂದ, ಖುಷಿಯಿಂದ.

ಬೊಳ್ಳಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಬೈಯೋಕೂ ಶಕ್ತಿ ಬೇಕಲ್ಲ! ಒಂದು ಲೋಟ ಕಾಫಿ ಕುಡಿದಮೇಲೆ ಬಂತು. "ಅಯ್ಯೋ ಪೆದ್ದೇ! ಬಸ್ಸು ಮಿಲಿಟರಿಯದ್ದಾ? ನಾನು ಹೇಳಿದ್ದು ಹಳೇ ಮಿಲಿಟರಿಯದ್ದು! ಹಳೇ ಮಿಲಿಟರಿಯದ್ದು! ನಂಬರ್ ಬಿಟ್ಟುಬಿಡು, ಅದು ನಿನ್ನ ಕೈಲಿ ಆಗೋದಲ್ಲ. ತಟ್ಟಿ ನೋಡು, ಅಷ್ಟು ಮಾಡು. ಎಷ್ಟೇ ಎಣ್ಣೆ ಹಚ್ಚಿ ಹೊಳೆಸಿರಲಿ, ಹೊಳಪು ನೋಡಿ ಮರುಳಾಗಬೇಡ. ಬೆರಳಿನ ಗೆಣ್ಣಿಂದ ತಟ್ಟು. ಟಣ್ ಅಂದ್ರೆ ಗಟ್ಟಿ. ಬೊದ್ದು ಸದ್ದು ಬಂದ್ರೆ ಒಳಗೆ ಬಿರುಕು ಉಂಟು. ಇದ್ದದ್ದನ್ನ ಮುಖಕ್ಕೆ ಹೇಳಿ ಬಾ."

"ಹಳೇ ಮಿಲಿಟರಿಯದ್ದು. ಹೊಳಪು ನೋಡಬಾರದು, ತಟ್ಟಬೇಕು, ಮುಖಕ್ಕೆ ಹೇಳಬೇಕು. ತಿಳೀತು ಅವ್ವಾ."

ನೀವು ಆಗಲೇ ನಗೋಕೆ ಶುರು ಮಾಡಿದ್ರಿ! ತಡೀರಿ, ಇನ್ನೂ ಹೋಗ್ಲೇ ಇಲ್ಲ ಅವನು.

ಎರಡು ದಿನ ಬಿಟ್ಟು, ಕಾಲು ವಾಸಿಯಾದ ಮೇಲೆ ಹೋದ. ಈ ಸಲ ಮುಂಬಾಗಿಲಲ್ಲೇ ನಿಂತು ಕರೆದ. ಸುಬೇದಾರ್ ಆಗತಾನೇ ಎಣ್ಣೆಸ್ನಾನ ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದ. ಬೋಳುತಲೆ ಬಿಸಿಲಿಗೆ ಫಳಫಳ ಅಂತಿತ್ತು. ಇವನನ್ನ ನೋಡಿ ಮೊದಲು ಮೀಸೆ ಕುಣೀತು. ಆದರೂ ಮಾಚಯ್ಯನ ಮಗ, ತಂದೆಯಿಲ್ಲದವನು. ಸಿಟ್ಟು ನುಂಗಿಕೊಂಡ.

"ನೋಡು ಬಿದ್ದಪ್ಪ, ನೀನು ನೋಡಿ ಗೊತ್ತಾಗೋದು ಎಂಥದ್ದೂ ಇಲ್ಲ. ನಿನ್ನ ಅವ್ವನಿಗೆ ಹೇಳು, ರೈಫಲ್ ಗಟ್ಟಿ ಉಂಟು ಅಂತ. ನನ್ನ ಮಾತು ಸಾಕು. ನಾನು ಹಳೇ ಮಿಲಿಟರಿ!"

ಬಿದ್ದಪ್ಪನ ಕಿವಿ ನೆಟ್ಟಗಾಯ್ತು. "ಹಳೇ ಮಿಲಿಟರಿಯಾ?"

"ಮತ್ತೆ? ಮೂವತ್ತು ವರ್ಷ!"

ಬಿದ್ದಪ್ಪ ಹತ್ತಿರ ಬಂದ. ಸುಬೇದಾರನ ಹಿಂದೆ ಹೋಗಿ ನಿಂತ. ಹೊಳೆಯುವ ಬೋಳುತಲೆಗೆ ಬೆರಳ ಗೆಣ್ಣಿಂದ ಟೊಕ್ ಟೊಕ್ ಅಂತ ಎರಡು ಕೊಟ್ಟ. ಕಿವಿ ಇಟ್ಟು ಕೇಳಿದ. ಇನ್ನೊಂದು ಕಡೆ ಟೊಕ್ ಟೊಕ್. ಮುಂದೆ ಬಂದ, ಮುಖ ನೋಡಿದ, ದುಃಖದಿಂದ ಹೇಳಿದ.

"ಮಾವಾ, ಹೊಳಪೇನೋ ಉಂಟು. ಟಣ್ ಅನ್ನೋದಿಲ್ಲ. ಒಳಗೆ ಬಿರುಕು ಉಂಟು."

ಸುಬೇದಾರನ ಮುಖ ಕೆಂಪಾಯ್ತು. ಬಾಯಿ ತೆರೆದ. ಅಷ್ಟರಲ್ಲಿ ಒಳಗಿಂದ ಒಂದು ನಗು ಬಂತು ನೋಡಿ! ಪೂವಮ್ಮ ಬಾಗಿಲ ದಾರಂದ ಹಿಡ್ಕೊಂಡು ನಕ್ಕಳು, ಕೂತು ನಕ್ಕಳು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. "ಮದುವೆಯಾದಾಗಿನಿಂದ ನಾನು ಇದನ್ನೇ ಹೇಳ್ತಾ ಇದ್ದೀನಿ! ನಿಮಗೆ ನಂಬಿಕೆ ಬರಲಿಲ್ಲ! ಈಗ ತಟ್ಟಿ ನೋಡಿ ಹೇಳಿದ್ದಾನೆ!"

ಹೆಂಡತಿ ಹಾಗೆ ನಕ್ಕಿದ್ದನ್ನ ಸುಬೇದಾರ್ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಸಿಟ್ಟು ಎಲ್ಲಿ ಹೋಯ್ತೋ, ಅವನಿಗೂ ನಗು ಬಂತು. ರೈಫಲ್ ತೆಗೆದು ಹೆಗಲಿಗೆ ಹಾಕಿದ, ಕಾಗದಪತ್ರ ಕಂಕುಳಿಗೆ ಸಿಕ್ಕಿಸಿದ. "ನಡಿ. ನಾನೇ ತಗೊಂಡು ಬರ್ತೀನಿ. ನೀನು ಇನ್ನೊಂದು ಸಲ ನೋಡೋಕೆ ಬಂದರೆ ನಾನೂ ಉಳಿಯೋದಿಲ್ಲ, ಕೋವಿಯೂ ಉಳಿಯೋದಿಲ್ಲ!"

ಹೀಗೆ ಬಂತು ರೈಫಲ್ ಬೊಳ್ಳಮ್ಮನ ಅಂಗಳಕ್ಕೆ.

ಈಗ ನೋಡಬೇಕು ನೀವು ಬೊಳ್ಳಮ್ಮನನ್ನ! ಕೈ ತೊಳೆದು ಬಂದಳು. ಮೊದಲು ಬೋಲ್ಟ್ ಎಳೆದು ಒಳಗೆ ತೋಟಾ ಇಲ್ಲ ಅಂತ ಬೆರಳಿಟ್ಟು ನೋಡಿಕೊಂಡಳು. ಆಮೇಲೆ ಬೋಲ್ಟ್ ಪೂರ್ತಿ ತೆಗೆದಿಟ್ಟಳು. ನಳಿಗೆಯನ್ನ ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಂದಿನಿಂದ ನೋಡಿದಳು. ಒಳಗಿನ ಸುರುಳಿ ಗೆರೆಗಳು ಕಡೆವರೆಗೂ ಚೂಪಾಗಿ ತಿರುಗಿಕೊಂಡು ಹೋಗಿದ್ದವು. ಗುಳಿಯಿಲ್ಲ, ತುಕ್ಕಿಲ್ಲ. "ಪರವಾಗಿಲ್ಲ, ಚೆನ್ನಾಗಿ ಇಟ್ಟಿದ್ದೀರಿ ಕರುಂಬಯ್ಯಣ್ಣಾ."

"ನಿನ್ನ ಮಗ ಹಾಲು ಹುಯ್ದ ಮೇಲೆ ಮೂರು ದಿನ ಬಿಸಿನೀರು ಹಾಕಿ ತಿಕ್ಕಿದ್ದೀನಿ," ಅಂದ ಸುಬೇದಾರ್. "ಹೊಸದಿದ್ದಾಗಲೂ ಅಷ್ಟು ಶುಭ್ರ ಇರಲಿಲ್ಲ."

ನಂಬರ್ ನೋಡಿದಳು. ಮೈ ಮೇಲೆ, ಬೋಲ್ಟಿನ ಮೇಲೆ, ನಳಿಗೆ ಮೇಲೆ, ಮೂರೂ ಕಡೆ ಒಂದೇ. ಕಾಗದದಲ್ಲೂ ಅದೇ. ಮರ ತಟ್ಟಿದಳು. ಟಣ್, ಟಣ್, ಟಣ್. ಹಿಡಿಯ ಹತ್ತಿರ ಬಂದಾಗ ಕೈ ನಿಂತಿತು. ಒಂದು ಸಾಲು ಸಣ್ಣ ಇರುವೆ ಮರದ ಮೇಲೆ ಹೋಗ್ತಾ ಇತ್ತು. ಹೋಗಿ ಹೋಗಿ ಒಂದು ಕಡೆ ಮಾಯ ಆಗ್ತಿತ್ತು.

"ಕರುಂಬಯ್ಯಣ್ಣಾ, ಇಲ್ಲಿ ನೋಡಿ. ಈ ಇರುವೆ ಎಲ್ಲಿಗೆ ಹೋಗ್ತದೆ?"

ಸುಬೇದಾರ್ ಕನ್ನಡಕ ಹಾಕಿ ನೋಡಿದ. ಕೂದಲೆಳೆಯಷ್ಟು ಸಣ್ಣ ಬಿರುಕು! ಅವನಿಗೇ ಗೊತ್ತಿರಲಿಲ್ಲ. ಬಿದ್ದಪ್ಪ ಕುಡಿಸಿದ ಹಾಲು ಇಳಿದು ಆ ಬಿರುಕಲ್ಲಿ ಕೂತಿತ್ತು, ಇರುವೆ ಅದರ ಜಾಡು ಹಿಡಿದಿತ್ತು.

"ಹಾಲು ಕುಡಿಸಿ ಪರೀಕ್ಷೆ ಮಾಡೋದನ್ನ ನಮ್ಮ ಪಲ್ಟನ್‌ನಲ್ಲೂ ಹೇಳಿಕೊಟ್ಟಿರಲಿಲ್ಲ," ಅಂದ ಸುಬೇದಾರ್, ಬಿದ್ದಪ್ಪನನ್ನ ಮೇಲಿಂದ ಕೆಳಗೆ ನೋಡ್ತಾ. ಬೊಳ್ಳಮ್ಮ ಬಿರುಕು ಎಳೆದು, ಒತ್ತಿ ನೋಡಿದಳು. ಹಿತ್ತಾಳೆ ತಂತಿ ಸುತ್ತಿದರೆ ಇನ್ನೂ ಒಂದು ತಲೆಮಾರು ಬರ್ತದೆ ಅಂದಳು. ಸುಬೇದಾರ್ ತಕರಾರಿಲ್ಲದೆ ಬೆಲೆ ಇಳಿಸಿದ. ಅಲ್ಲೇ ಕೂತು ತಂತಿಯನ್ನೂ ಅವನೇ ಬಿಗಿಯಾಗಿ ಸುತ್ತಿಕೊಟ್ಟ.

ಬೊಳ್ಳಮ್ಮನಿಗೆ ಎಷ್ಟು ಸಂತೋಷ ಅಂದ್ರೆ, ಮಗನ ಬೆನ್ನು ಸವರಿದಳು. "ನೋಡಿದೆಯಾ ಮೋನೇ? ಬೆಳಕಿಗೆ ಹಿಡಿದು, ಒಳಗೆ ನೋಡಿ, ನಂಬರ್ ನೋಡಿ, ತಟ್ಟಿ, ಕಡೆಗೆ ಒಂದು ಸಲ ಹಾರಿಸಿ ನೋಡೋದು. ನೇರ ಹಾರಿದರೆ ಇಟ್ಕೊಳ್ಳೋದು. ಮನೆಗೆ ಹೊಸದಾಗಿ ಎಂಥದ್ದೇ ಬರ್ಲಿ, ಹೀಗೆ ನೋಡಿಯೇ ಒಳಗೆ ತಗೋಬೇಕು. ನೆನಪಿರ್ಲಿ."

"ನೆನಪಿರ್ತದೆ ಅವ್ವಾ."

ಹಾರಿಸಿ ನೋಡೋದೊಂದು ಬಾಕಿ. ಸುಬೇದಾರ್ ಜೇಬಿಂದ ಮೂರು ತೋಟಾ ತೆಗೆದ. ತೆಗೆದದ್ದೇ ತಡ, ಒಳಗಿಂದ ದೇಚವ್ವ, "ಅವ್ವಾ!" ಅಂದಳು. ಆ ಕೂಗು ಎಂಥದ್ದು ಅಂತ ಹೆತ್ತವರಿಗೆ ಹೇಳಿಕೊಡಬೇಕಾ? ಪಕ್ಕದ ಮನೆಯ ಸೂಲಗಿತ್ತಿ ಅಜ್ಜಿಯನ್ನ ಕರೆಸಿದರು. ಬೊಳ್ಳಮ್ಮ ಸೆರಗು ಸಿಕ್ಕಿಸಿಕೊಂಡಳು. ಒಳಗೆ ಹೋಗುವ ಮೊದಲು ಮಗನನ್ನ ಹಿಡಿದು ನಿಲ್ಲಿಸಿದಳು. ಗುಂಡು ಹಾರಿಸಬೇಕಾದವನು ಅವನೇ, ಮನೆಯ ಗಂಡಸು, ಮಗುವಿನ ಸೋದರಮಾವ.

ಈ ಸಲ ಅವಳು ಯೋಚಿಸಿ ಯೋಚಿಸಿ, ಅಳೆದು ಅಳೆದು ಮಾತಾಡಿದಳು. "ಸರಿಯಾಗಿ ಕೇಳು ಮೋನೇ. ಅಂಗಳದ ನಡುವಲ್ಲಿ ನಿಲ್ಲು. ಸುಬೇದಾರ್ ಮಾವ ಹೇಳಿದ ಹಾಗೆ ಹಿಡ್ಕೋ. ಹೆಂಚಿಗಲ್ಲ, ಮರಕ್ಕಲ್ಲ, ಮಾವನಿಗಲ್ಲ, ಆಕಾಶಕ್ಕೆ. ಮಗು ಹುಟ್ಟಿತು ಅಂತ ಅಜ್ಜಿ ಕೂಗಿದ ಮೇಲೆ ಹಾರಿಸು, ಮೊದಲು ಬೇಡ. ಗಂಡಾದರೂ ಸರಿ, ಹೆಣ್ಣಾದರೂ ಸರಿ. ಒಂದು ಮಗುವಿಗೆ ಒಂದು ಗುಂಡು. ಹೇಳು ನೋಡೋಣ."

"ಒಂದು ಮಗುವಿಗೆ ಒಂದು ಗುಂಡು."

"ಇನ್ನೊಂದು ಸಲ."

"ಒಂದು ಮಗುವಿಗೆ ಒಂದು ಗುಂಡು."

ಇದರಲ್ಲಿ ತಪ್ಪೋಕೆ ಎಂಥದ್ದೂ ಇಲ್ಲ ಅಂತ ಬೊಳ್ಳಮ್ಮ ನಿಶ್ಚಿಂತೆಯಿಂದ ಒಳಗೆ ಹೋದಳು.

ಮಧ್ಯಾಹ್ನ ಇಳೀತು. ಬಿದ್ದಪ್ಪ ಕಂಬದ ಹಾಗೆ ನಿಂತಿದ್ದ. ಬಾಯಲ್ಲಿ ಅದೇ ಜಪ. ಒಳಗಿಂದ ಕುಂಯ್ ಅಂತ ಒಂದು ಸದ್ದು ಬಂತು. "ಗಂಡು!" ಅಂತ ಅಜ್ಜಿ ಕೂಗಿದಳು.

ಢಂ!

ಎಂಥ ಸದ್ದು! ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಒಳಗೆ ಬೊಳ್ಳಮ್ಮನ ಕಣ್ಣಲ್ಲಿ ನೀರು. 'ಸರಿಯಾಗಿ ಮಾಡಿದ ನನ್ನ ಮಗ, ಒಂದು ಸಲವಾದರೂ ಸರಿಯಾಗಿ ಮಾಡಿದ' ಅಂತ ಕೈಮುಗಿದಳು. ಮುಗಿದ ಕೈ ಇಳಿದಿರಲಿಲ್ಲ, ಅಜ್ಜಿ, "ಅಯ್ಯೋ, ತಡಿ, ಇನ್ನೊಂದು ಉಂಟು!" ಅಂದಳು. ಆ ಹೊಟ್ಟೆ ಅಷ್ಟು ದೊಡ್ಡದಿದ್ದದ್ದು ಸುಮ್ಮನಲ್ಲ! "ಇದು ಹೆಣ್ಣು!"

"ಬಿದ್ದಪ್ಪಾ, ಬೇ—" ಅಂತ ಬೊಳ್ಳಮ್ಮ ಬಾಗಿಲಿಗೆ ಓಡಿದಳು.

ಢಂ!

ಎರಡು. ಊರಿಗೆ ಕೇಳಿದ್ದು ಎರಡು.

ಗದ್ದೆಯಲ್ಲಿದ್ದವರು ಗುದ್ದಲಿ ಬಿಟ್ಟರು. ಅನ್ನಕ್ಕಿಟ್ಟವರು ಒಲೆ ಆರಿಸಿದರು. ಗಂಡಸರು ಬಿಳಿ ಪಂಚೆ ಉಟ್ಟು, ಹೆಂಗಸರು ಬಿಳಿ ಸೀರೆ ಉಟ್ಟು, ನಾಲ್ಕು ದಿಕ್ಕಿಂದ ಬಂದರು. ಎಲ್ಲರಿಗೂ ಒಂದೇ ಅನುಮಾನ. ದೇಚವ್ವನ ದನಿ ಒಳಗಿಂದ ಕೇಳ್ತಾ ಉಂಟು, ಬಿದ್ದಪ್ಪ ಅಂಗಳದಲ್ಲೇ ನಿಂತಿದ್ದಾನೆ. ಹಾಗಾದರೆ ಹೋದದ್ದು ಯಾರು? ಬೊಳ್ಳಮ್ಮನೇ! ಸುಬೇದಾರ್ ಪಾಪ, 'ಇಲ್ಲ, ಇಲ್ಲ' ಅಂತ ಹೇಳೋಕೆ ಹೋದ, ಯಾರೂ ಕೇಳಲಿಲ್ಲ, ಅಪ್ಪಿಕೊಂಡು ಸಮಾಧಾನ ಮಾಡಿದರು.

ಬೇಲಿ ವಿಷಯಕ್ಕೆ ಬೊಳ್ಳಮ್ಮನ ಜೊತೆ ಮೂರು ವರ್ಷದಿಂದ ಮಾತು ಬಿಟ್ಟಿದ್ದ ಚಿಣ್ಣವ್ವ ಎಲ್ಲರಿಗಿಂತ ಮೊದಲು ಬಂದು ಜಗಲಿಯಲ್ಲಿ ಕುಸಿದು ಕೂತಳು. "ಎಂಥಾ ಹೆಂಗಸು! ಎಂಥಾ ಗಟ್ಟಿಗಿತ್ತಿ! ಬೇಲಿ ತಪ್ಪು ನಂದೇ ಇತ್ತು, ಒಂದು ದಿನ ಬಂದು ಹೇಳಲಿಲ್ಲ ನಾನು, ಹಾಳಾದವಳು!"

ಒಬ್ಬ ಮುದುಕ, "ಆ ಗುರಿ! ಕೊಡಗಲ್ಲೇ ಇಲ್ಲ ಆ ಗುರಿ! ಅವಳ ಮುಂದೆ ಸೋತದ್ದೇ ನನಗೊಂದು ಮರ್ಯಾದೆ!" ಅಂತ ಮೂಗು ಒರೆಸಿಕೊಂಡ.

ಬಾಗಿಲ ಹಿಂದೆ ಬೊಳ್ಳಮ್ಮ ಒಂದೊಂದು ಕೈಯಲ್ಲಿ ಒಂದೊಂದು ಮಗು ಹಿಡ್ಕೊಂಡು ನಿಂತಿದ್ದಳು. ಹೊರಗೆ ಕಾಲಿಡೋಕೆ ಹೋದವಳು ನಿಂತಳು. ಅಜ್ಜಿ, "ಹೋಗು, ಪಾಪ ಅಳ್ತಾ ಇದ್ದಾರೆ," ಅಂದಳು.

"ತಡಿ, ಅಜ್ಜೀ," ಅಂದಳು ಬೊಳ್ಳಮ್ಮ. "ಇನ್ನೂ ಸ್ವಲ್ಪ ಹೇಳ್ಲಿ."

ಸಾಕಷ್ಟು ಕೇಳಿ ಮನಸ್ಸು ತುಂಬಿದ ಮೇಲೆ ಹೊರಗೆ ಬಂದಳು. ಚಿಣ್ಣವ್ವ ಒಂದು ಸಲ ಕಿರುಚಿದಳು. ಆಮೇಲೆ ಆ ಎರಡು ಪುಟ್ಟ ಮುಖ ಕಂಡವು. ಆಗ ಎದ್ದ ನಗು ಆ ಎರಡು ಗುಂಡಿಗಿಂತ ದೊಡ್ಡದಾಗಿ ಕೇಳಿರಬೇಕು. ಅಳೋಕೆ ಬಂದವರು ಊಟಕ್ಕೆ ನಿಂತರು. ಚಿಣ್ಣವ್ವ ತಾನೇ ಅಡುಗೆಮನೆಗೆ ನುಗ್ಗಿ ಒಲೆ ಹಚ್ಚಿದಳು.

ಬೊಳ್ಳಮ್ಮ ಮಗನ ಕಡೆ ತಿರುಗಿದಳು. "ಎರಡು ಹಾರಿಸಿದರೆ ಸಾವು ಅಂತ ಗೊತ್ತಿಲ್ವಾ ಪೆದ್ದೇ?"

"ಗೊತ್ತು ಅವ್ವಾ. ಒಂದು ಮಗುವಿಗೆ ಒಂದು ಗುಂಡು ಅಂದೆ. ಎರಡು ಮಗು ಬಂತು. ಒಂದಕ್ಕೆ ಹಾರಿಸಿ ಇನ್ನೊಂದಕ್ಕೆ ಹಾರಿಸದೆ ಇದ್ದರೆ ಅದು ಕಳ್ಳನ ಹಾಗೆ ಮನೆಗೆ ಬಂದ ಹಾಗಾಗ್ತಿತ್ತು. ಪಾಪ, ಅಲ್ವಾ?"

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಬೊಳ್ಳಮ್ಮ ಬೈಗುಳ, ಬುದ್ಧಿಮಾತು ಎರಡನ್ನೂ ಬದಿಗಿಟ್ಟಳು. ಗಂಡುಮಗುವನ್ನ ಸುಮ್ಮನೆ ಅವನ ಕೈಗಿಟ್ಟಳು. "ತಗೋ, ನಿನ್ನ ಸೋದರಳಿಯ."

ಅಲ್ಲೇ ತಪ್ಪಿದ್ದು! ಮನೆಗೆ ಹೊಸದಾಗಿ ಬಂದದ್ದಲ್ಲವಾ?

ಬಿದ್ದಪ್ಪ ಮಗುವನ್ನ ಮೆಲ್ಲಗೆ ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿದ. ಮಗು ಬಾಯಿ ತೆರೆದು ಅತ್ತಿತು, ಒಳಗೆ ನೋಡಿದ. "ಶುಭ್ರ ಉಂಟು. ತುಕ್ಕಿಲ್ಲ." ಬೆನ್ನು ತಟ್ಟಿ ಕಿವಿಗೊಟ್ಟು ಕೇಳಿದ. "ಗಟ್ಟಿ." ಅಂಗಾಲು ತಿರುಗಿಸಿ ನೋಡಿದ, ಅಂಗೈ ಬಿಡಿಸಿ ನೋಡಿದ, ಅವ್ವನ ಕೈಯಲ್ಲಿದ್ದ ಹೆಣ್ಣುಮಗುವನ್ನ ಬಗ್ಗಿ ನೋಡಿದ. "ನಂಬರ್ ಎಲ್ಲೂ ಇಲ್ಲ ಅವ್ವಾ. ಆದರೆ ಎರಡಕ್ಕೂ ಮೂಗು ಒಂದೇ. ಅಪ್ಪನ ಮೂಗು. ಬೇರೆ ಯಾವುದರ ತುಂಡೂ ಸೇರಿಸಿಲ್ಲ."

ಬೊಳ್ಳಮ್ಮ ಮಕ್ಕಳ ಮೂಗು ನೋಡಿದಳು. ಹೌದು, ಮಾಚಯ್ಯನ ಮೂಗೇ! ಅಷ್ಟರಲ್ಲಿ ಬಿದ್ದಪ್ಪನ ಕೈಯಲ್ಲಿದ್ದ ಮಗು ಕಾಲು ಝಾಡಿಸಿತು. ಒಂದು ಸಣ್ಣ ಧಾರೆ ಮೇಲೆದ್ದು, ಬಾಗದೆ ಬಳುಕದೆ, ಅವನ ಮುಚ್ಚಿದ ಕಣ್ಣಿಗೇ ಸರಿಯಾಗಿ ಬಿತ್ತು.

"ಅವ್ವಾ! ಹಾರ್ತದೆ! ನೇರ ಹಾರ್ತದೆ!" ಅಂತ ಬಿದ್ದಪ್ಪ ಇಡೀ ಊರಿಗೆ ಕೇಳುವ ಹಾಗೆ ಕೂಗಿದ. "ಇದನ್ನ ಇಟ್ಕೊಳ್ಳೋಣ!"